ಹೊರಗೆ ಸಿಕ್ಕರೆ ಮಾತಾಡಿಸದ ಅಕ್ಕ

ಕೌನ್ಸೆಲಿಂಗ್ ಅಕ್ಕನಿಗೆ ತನ್ನ ಕೋಣೆಯ ಹೊಸ್ತಿಲು ದಾಟಿದರೆ ಯಾರ ಗುರುತೂ ಇರುವುದಿಲ್ಲ. ಒಳಗೆ ಮಾತ್ರ ಬಂದವರಿಗೆ ನೀರು ಕೊಟ್ಟು, ಮೊದಲ ದಿನವೇ ಹೇಳಿಬಿಡುತ್ತಾಳೆ: "ನಿಮ್ಮ ಮಾತು ಈ ಕೋಣೆ ದಾಟಲ್ಲ. ಯಾರದಾದ್ರೂ ಜೀವಕ್ಕೆ ಅಪಾಯ ಅಂದ್ರೆ ಮಾತ್ರ ಬಾಯಿ ಬಿಡ್ತೀನಿ, ಅದು ಕಾನೂನು. ಹೊರಗೆ ಸಿಕ್ಕರೆ ನಾನಾಗಿ ಮಾತಾಡ್ಸಲ್ಲ." ಆದರೆ ಕೆಲವರನ್ನು ಮಾತಾಡಿಸಿ ಕೆಲವರನ್ನು ಬಿಟ್ಟರೆ, ಬಿಟ್ಟವರೇ ತನ್ನ ಬಳಿ ಬರುವವರೆಂದು ಜನ ಕಂಡುಹಿಡಿದುಬಿಟ್ಟಾರು! ಹಾಗಾಗಿ ಯಾರನ್ನೂ ಮಾತಾಡಿಸುವುದಿಲ್ಲ. ತರಕಾರಿ ಅಂಗಡಿಯಲ್ಲಿ ಸ್ವಂತ ನಾದಿನಿ ಎದುರಾದರೂ ಎಲೆಕೋಸಿನ ಮೇಲಿಟ್ಟ ಕಣ್ಣು ಕೀಳುವುದಿಲ್ಲ. "ಏನು ಜಂಬಾನೋ ಅತ್ತಿಗೆಗೆ!" ಎಂದು ನಾದಿನಿ ಮನೆಗೇ ಬಂದು ಮೂತಿ ತಿರುವುತ್ತಾಳೆ. ಗಂಡ "ಇವತ್ತು ಯಾರ್ಯಾರು ಬಂದಿದ್ರು?" ಎಂದರೆ "ಮನುಷ್ಯರು" ಎನ್ನುತ್ತಾಳೆ. ಊರವರ ದುಃಖ ಕೇಳಿ ಕೇಳಿ ಅವಳ ಮನಸ್ಸೂ ಭಾರವಾಗುವುದುಂಟು. ಗುರುವಾರಗಳಂದು ಪಕ್ಕದ ಬೀದಿಯ ಹಿರಿಯ ಕೌನ್ಸೆಲರಮ್ಮನ ಮುಂದೆ ಕೂತು ಅತ್ತು ಬರುವುದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನಿನ್ನೆ ಅಂಗಡಿಯಲ್ಲಿ ನಾದಿನಿ ಆಚೆ ನಿಂತು ನೋಡುತ್ತಿದ್ದಾಗಲೇ ಆ ಹಿರಿಯಾಕೆ ಇವಳ ಪಕ್ಕದಲ್ಲೇ ಬಂದು ನಿಂತರು. ಇವಳತ್ತ ತಿರುಗಿಯೂ ನೋಡದೆ ಒಂದು ಎಲೆಕೋಸು ಆರಿಸಿಕೊಂಡು ಹೊರಟುಹೋದರು. "ಆ ಕೌನ್ಸೆಲರಮ್ಮನಿಗೂ ನಿಮ್ಮಷ್ಟೇ ಜಂಬ ನೋಡಿ ಅತ್ತಿಗೆ!" ಎಂದಳು ನಾದಿನಿ, ಸಂಜೆ ಮನೆಗೆ ಬಂದು. ಅಕ್ಕನ ಎದೆ ತಂಪಾಯಿತು. "ಹೌದು ಕಣೆ," ಎಂದಳು, "ನನಗಿಂತ ಒಂದು ಕೈ ಮೇಲು."