ಹಾಳೆಯ ಬೆನ್ನಿನಿಂದ ಚುಚ್ಚಿದ ವೃತ್ತ

ಬೆಳಗಿನ ಐದು ಗಂಟೆ ನಲವತ್ತು ನಿಮಿಷ. ಕ್ರೈಸ್ತ ಕಾಲೇಜಿನ ಪ್ರಾರ್ಥನಾ ಮಂದಿರದ ಮೆಟ್ಟಿಲುಗಳ ಕೆಳಗಿರುವ ಸಣ್ಣ ಕೋಣೆಗೆ ರಟ್ಟಕ್ಕ ತಲೆ ಬಗ್ಗಿಸಿ ಒಳಹೋಗಿ ದೀಪ ಹಾಕುತ್ತಾರೆ. ಮೇಜಿನ ಮೇಲೆ ಕಪ್ಪು ರಬ್ಬರಿನ ಹಾಸು, ಅದರ ಮೇಲೊಂದು ದಪ್ಪ ಹಾಳೆ, ಕೈಯಲ್ಲಿ ಪುಸ್ತಕ ಹೊಲಿಯುವ ದಬ್ಬಳ. ಟಕ್, ಟಕ್, ಟಕ್. ಮೊನೆ ಹಾಳೆಯನ್ನು ಹರಿಯಬಾರದು, ಉಬ್ಬಿಸಬೇಕು. ಒತ್ತಡ ಕೂದಲೆಳೆಯಷ್ಟು ಹೆಚ್ಚಾದರೂ ತೂತು, ಕಡಿಮೆಯಾದರೆ ಬೆರಳಿಗೆ ಏನೂ ಸಿಗುವುದಿಲ್ಲ. ಆರುನೂರ ನಲವತ್ತು ಚುಚ್ಚುಗಳಾದ ಮೇಲೆ ಅವರು ಹಾಳೆಯನ್ನು ಮಗುಚುತ್ತಾರೆ. ಸಾಸಿವೆ ಕಾಳಿನಂತಹ ಚುಕ್ಕೆಗಳ ಸಾಲು ಒಂದು ವೃತ್ತವಾಗಿ ಎದ್ದು ನಿಂತಿದೆ. ರಟ್ಟಕ್ಕ ಕಣ್ಣು ಮುಚ್ಚಿ, ತೋರುಬೆರಳನ್ನು ಅದರ ಮೇಲೆ ನಿಧಾನವಾಗಿ ಒಂದು ಸುತ್ತು ಓಡಿಸುತ್ತಾರೆ.

"ಕಣ್ಣು ಬಿಟ್ಟು ನೋಡಿದ್ರೆ ಎಲ್ಲಾ ಸರಿಯಾಗೇ ಕಾಣುತ್ತೆ. ಅಲ್ಲೇ ಮೋಸ ಹೋಗೋದು," ಎನ್ನುತ್ತಾರೆ.

ಇವರು ಕಾಲೇಜಿನ ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸಗಾರ್ತಿ. ವಯಸ್ಸು ಐವತ್ತೊಂದು, ಸೇವೆ ಇಪ್ಪತ್ತೇಳು ವರ್ಷ. ಸಂಬಳದ ಪಟ್ಟಿಯಲ್ಲಿರುವ ಹೆಸರು ಯಾರಿಗೂ ನೆನಪಿಲ್ಲ. ಪ್ರಾಂಶುಪಾಲರಿಂದ ಹಿಡಿದು ಮೊದಲ ವರ್ಷದ ಮಕ್ಕಳವರೆಗೆ ಎಲ್ಲರಿಗೂ ರಟ್ಟಕ್ಕ. ದಿನಕ್ಕೆ ಹದಿನೆಂಟು ಪುಸ್ತಕ ಕಟ್ಟಬೇಕು. ಆ ಕೆಲಸ ಶುರುವಾಗುವುದು ಒಂಬತ್ತಕ್ಕೆ. ಅದಕ್ಕೆ ಮೊದಲಿನ ಮೂರು ಗಂಟೆ ಇಪ್ಪತ್ತು ನಿಮಿಷ ಯಾವ ಪಟ್ಟಿಯಲ್ಲೂ ಇಲ್ಲ. ಕಳೆದ ಆರು ವರ್ಷಗಳಿಂದ ಅವರು ಆ ಹೊತ್ತಿನಲ್ಲಿ ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಗಣಿತದ ಚಿತ್ರಗಳನ್ನು ಉಬ್ಬು ಚುಕ್ಕೆಗಳಲ್ಲಿ ಮೂಡಿಸುತ್ತಿದ್ದಾರೆ. ಈವರೆಗೆ ಮೂವರು ವಿದ್ಯಾರ್ಥಿಗಳು, ಇನ್ನೂರ ಹನ್ನೆರಡು ಹಾಳೆಗಳು. ಮೊದಲ ಇಬ್ಬರು ಪದವಿ ಮುಗಿಸಿ ಹೋಗಿದ್ದಾರೆ.

ಮೂರನೆಯವಳು ಎರಡನೇ ವರ್ಷದ ವಿದ್ಯಾರ್ಥಿನಿ, ಹುಟ್ಟು ಕುರುಡಿ. ಸಂಮಿಶ್ರ ಸಂಖ್ಯೆಗಳ ಪತ್ರಿಕೆಯಲ್ಲಿ ಆಕೆ ಕಳೆದ ವರ್ಷ ನಪಾಸಾಗಿದ್ದಾಳೆ. ಮರುಪರೀಕ್ಷೆಗೆ ಇನ್ನು ನಾಲ್ಕೇ ದಿನ. ಇದರಲ್ಲೂ ಸೋತರೆ ನಿಯಮದ ಪ್ರಕಾರ ಮೂರನೇ ವರ್ಷಕ್ಕೆ ಪ್ರವೇಶವಿಲ್ಲ, ಹಾಸ್ಟೆಲಿನ ಮಂಚವೂ ಇಲ್ಲ. ಮನೆಯವರು ಈಗಾಗಲೇ "ಓದಿದ್ದು ಸಾಕು" ಎಂದಿದ್ದಾರೆ.

ರಟ್ಟಕ್ಕ ಓದಿದ್ದು ಹತ್ತನೇ ತರಗತಿಯವರೆಗೆ, ಬಿಟ್ಟದ್ದು ಗಣಿತದಿಂದಲೇ. ಗಣಿತ ಕಲಿಸುವ ಫಾದರ್ ಆರು ವರ್ಷಗಳ ಹಿಂದೆ ಒಂದು ಚಿತ್ರ ಹಿಡಿದುಕೊಂಡು ಈ ಕೋಣೆಗೆ ಬಂದದ್ದನ್ನು ಅವರು ನಗುತ್ತಾ ಹೇಳುತ್ತಾರೆ. "'ಅಮ್ಮಾ, ಇದನ್ನ ಬೆರಳಿಗೆ ಸಿಗೋ ಹಾಗೆ ಮಾಡಿಕೊಡೋಕೆ ಆಗುತ್ತಾ' ಅಂದ್ರು. ಲೆಕ್ಕ ಅಂದ್ರೆ ನಂಗೆ ಜ್ವರ ಬರುತ್ತೆ ಫಾದರ್ ಅಂದೆ. 'ಲೆಕ್ಕ ಅವರು ಮಾಡ್ತಾರೆ, ನೀವು ಚುಚ್ಚಿ ಸಾಕು' ಅಂದ್ರು."

ಚುಚ್ಚಿದರೆ ಸಾಕಾಗಲಿಲ್ಲ. ಏನನ್ನು ಚುಚ್ಚುತ್ತಿದ್ದೇನೆಂದು ತಿಳಿಯದೆ ಕೈ ಓಡದು ಎಂದು ಅವರೇ ಕೇಳಿ ಕಲಿತರು. ಅಡ್ಡಗೆರೆಯ ಮೇಲೆ ವಾಸ್ತವ ಸಂಖ್ಯೆಗಳು, ಲಂಬಗೆರೆಯ ಮೇಲೆ ಕಾಲ್ಪನಿಕ ಸಂಖ್ಯೆಗಳು. ಎರಡೂ ಸೇರಿದ ಒಂದು ಸಂಮಿಶ್ರ ಸಂಖ್ಯೆಗೆ ಹಾಳೆಯ ಮೇಲೆ ಒಂದು ಚುಕ್ಕೆಯಷ್ಟು ಜಾಗ. ಆ ಚುಕ್ಕೆ ನಡುವಿನಿಂದ ಎಷ್ಟು ದೂರದಲ್ಲಿದೆ, ಬಲಗಡೆಯ ಗೆರೆಯಿಂದ ಎಷ್ಟು ಕೋನ ತಿರುಗಿದೆ ಎಂಬ ಎರಡು ಸಂಗತಿ ತಿಳಿದರೆ ಸಂಖ್ಯೆ ಕೈಗೆ ಸಿಕ್ಕಂತೆ. "ಕಾಲ್ಪನಿಕ ಅಂತಾರೆ, ಆದ್ರೆ ಬೆರಳಿಗೆ ಚೆನ್ನಾಗೇ ಚುಚ್ಚುತ್ತೆ," ಎಂದು ತಮ್ಮ ಎಡಗೈಯ ಹೆಬ್ಬೆರಳನ್ನು ತೋರಿಸುತ್ತಾರೆ. ಅದರ ತುದಿಯಲ್ಲಿ ಚರ್ಮ ಕಾಯಿಗಟ್ಟಿದೆ.

ಮನೆಯಲ್ಲಿ ಬೆನ್ನು ನೋವಿನಿಂದ ಕೆಲಸ ಬಿಟ್ಟ ಗಂಡ, ಎಪ್ಪತ್ತೆಂಟರ ಅತ್ತೆ. ಸೊಸೆ ನಾಲ್ಕೂವರೆಗೆ ಎದ್ದು ಅಡುಗೆ ಮುಗಿಸಿ ಚಪ್ಪಲಿ ಮೆಟ್ಟುವಾಗ ಅತ್ತೆ ಹಾಸಿಗೆಯಿಂದಲೇ ಗೊಣಗುತ್ತಾರೆ: "ನನ್ನ ರವಿಕೆಗೆ ಒಂದು ಗುಂಡಿ ಹಾಕೋಕೆ ಇವಳಿಗೆ ಪುರುಸೊತ್ತಿಲ್ಲ. ಅಲ್ಲಿ ಹೋಗಿ ದಿನಾ ಸಾವಿರ ತೂತು ಕೊರೀತಾಳೆ."

"ತೂತಲ್ಲ ಅತ್ತೆ, ಉಬ್ಬು."

"ಏನೋ ಒಂದು. ಗುಂಡಿ ಮಾತ್ರ ಇಲ್ಲ."

ಈ ಕೆಲಸದಲ್ಲಿ ಮರೆಯಬಾರದ ಸೂತ್ರ ಒಂದೇ. ಚುಕ್ಕೆಯನ್ನು ಹಾಳೆಯ ಬೆನ್ನಿನಿಂದ ಚುಚ್ಚುವುದರಿಂದ ಚಿತ್ರ ಮುಂಬದಿಯಲ್ಲಿ ಎಡಬಲ ಅದಲುಬದಲಾಗಿ ಮೂಡುತ್ತದೆ. ಆದ್ದರಿಂದ ಮೊದಲೇ ಎಲ್ಲವನ್ನೂ ಕನ್ನಡಿಯಲ್ಲಿ ಕಂಡಂತೆ ಬರೆದುಕೊಳ್ಳಬೇಕು. ಕಳೆದ ವರ್ಷ ಒಂದು ದಿನ, ಒಂದೇ ಒಂದು ಹಾಳೆಯಲ್ಲಿ, ರಟ್ಟಕ್ಕ ಇದನ್ನು ಮರೆತರು. ಅದು ಪಾಠದ ಮೊದಲ ಹಾಳೆ: ಒಂದು ವೃತ್ತ, ನಡುವೆ ಎರಡು ಗೆರೆ, ಕೋನವನ್ನು ಯಾವ ಕಡೆಗೆ ಅಳೆಯಬೇಕೆಂದು ತೋರಿಸುವ ಒಂದು ಬಾಣ. ವೃತ್ತವನ್ನು ಮಗುಚಿದರೂ ಅದು ವೃತ್ತವೇ. ಗೆರೆಗಳೂ ಬದಲಾಗುವುದಿಲ್ಲ. ಬ್ರೈಲ್ ಚೀಟಿಗಳನ್ನು ಆಮೇಲೆ ಅಂಟಿಸುವುದರಿಂದ ಅಕ್ಷರಗಳೂ ನೇರವಾಗಿಯೇ ಇದ್ದವು. ತಿರುಗಿದ್ದು ಬಾಣ ಮಾತ್ರ. ಗಡಿಯಾರದ ಮುಳ್ಳಿಗೆ ಎದುರಾಗಿ ಹೋಗಬೇಕಾದದ್ದು ಮುಳ್ಳಿನ ಜೊತೆಗೇ ಹೊರಟಿತ್ತು.

ಹುಡುಗಿ ಆ ಬಾಣವನ್ನು ನಂಬಿದಳು. ಪರೀಕ್ಷೆಯಲ್ಲಿ ಆಕೆ ಹೇಳಿ ಬರೆಸಿದ ಪ್ರತಿಯೊಂದು ಕೋನದ ಅಳತೆಯೂ ಸರಿ, ಪ್ರತಿಯೊಂದರ ಚಿಹ್ನೆಯೂ ತಪ್ಪು. ಬೇಕಿದ್ದದ್ದು ಮೂವತ್ತೈದು ಅಂಕ, ಬಂದದ್ದು ಮೂವತ್ತೊಂದು.

"ಫಾದರ್ ಉತ್ತರಪತ್ರಿಕೆ ತರಿಸಿ ನೋಡಿ, 'ಈ ಮಗು ಲೆಕ್ಕಾನೆಲ್ಲ ಕನ್ನಡಿಯಲ್ಲಿ ನೋಡ್ಕೊಂಡು ಮಾಡಿದ ಹಾಗಿದೆ' ಅಂದ್ರು. ನಾನು ಪಕ್ಕದಲ್ಲೇ ಅಂಟು ಕಲಸ್ತಾ ಇದ್ದೆ. ಕನ್ನಡಿ ಅಂದ ತಕ್ಷಣ ಅಂಟಿನ ಡಬ್ಬಿ ಬಿಟ್ಟು ಎದ್ದೆ. ಆ ಹಾಳೆ ಹುಡುಕಿ ಕಣ್ಣು ಮುಚ್ಚಿ ಮುಟ್ಟಿ ನೋಡಿದೆ." ಅವರು ಮೇಜಿನ ಮೇಲಿನ ದಬ್ಬಳವನ್ನು ಪಕ್ಕಕ್ಕೆ ಸರಿಸುತ್ತಾರೆ. "ಆ ಹಾಳೆ ಚುಚ್ಚೋವಾಗ ಅತ್ತೆ ಆಸ್ಪತ್ರೆಯಲ್ಲಿದ್ರು, ಎರಡು ದಿನ ನಿದ್ದೆ ಇರಲಿಲ್ಲ. ಅದನ್ನೇನೂ ನೆಪ ಅಂತ ಹೇಳ್ತಾ ಇಲ್ಲ. ನಿದ್ದೆ ಇಲ್ಲದಿದ್ರೆ ಆ ದಿನ ದಬ್ಬಳ ಮುಟ್ಟಬಾರದಿತ್ತು."

ನಿಜ ಹೇಳಲು ಅವರಿಗೆ ಇಪ್ಪತ್ತಮೂರು ದಿನ ಬೇಕಾಯಿತು. ಕೆಲಸ ಹೋದೀತೆಂಬ ಭಯ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಕೊನೆಗೆ ಫಾದರ್ ಮುಂದೆ ಹೇಳಿದರು. ಫಾದರ್ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದರು. ಉತ್ತರಪತ್ರಿಕೆಯಲ್ಲಿ ಇದ್ದದ್ದಕ್ಕೆ ಮಾತ್ರ ಅಂಕ ಎಂದು ಎರಡು ಸಾಲಿನ ಉತ್ತರ ಬಂತು. ಆಮೇಲೆ ರಟ್ಟಕ್ಕ ಹುಡುಗಿಯನ್ನು ಇದೇ ಕೋಣೆಗೆ ಕರೆಸಿಕೊಂಡು, ಆಕೆಯ ಬೆರಳನ್ನು ಆ ಬಾಣದ ಮೇಲಿಟ್ಟರು.

"ಅಕ್ಕಾ, ಇಷ್ಟು ದಿನ ನಾನು ನನ್ನ ತಲೇನೇ ಸರಿ ಇಲ್ಲ ಅಂದ್ಕೊಂಡಿದ್ದೆ," ಎಂದಷ್ಟೇ ಹೇಳಿ ಹುಡುಗಿ ಎದ್ದು ಹೋದಳು. ಹನ್ನೊಂದು ದಿನ ಬರಲಿಲ್ಲ. ಹನ್ನೆರಡನೆಯ ದಿನ ಮೆಟ್ಟಿಲ ಬಳಿ ಕೋಲಿನ ಸದ್ದಾಯಿತು. "ಇವತ್ತಿನ ಹಾಳೆ ಎಲ್ಲಿ?" ಎಂದು ಕೇಳಿದಳು. ಆ ವಿಷಯವನ್ನು ಇಬ್ಬರೂ ತಮಾಷೆಗಲ್ಲದೆ ಮತ್ತೆ ಎತ್ತಿಲ್ಲ.

ಆರೂವರೆಗೆ ಮೇಲಿನ ಗಂಟೆ ಹೊಡೆಯುವಾಗ ಕೋಣೆಯ ತಗ್ಗು ಸೂರು ಸಣ್ಣಗೆ ನಡುಗುತ್ತದೆ. ಅದೇ ಹೊತ್ತಿಗೆ ಹುಡುಗಿ ಬಂದು ಸ್ಟೂಲಿನ ಮೇಲೆ ಕೂರುತ್ತಾಳೆ. ಹಾಳೆಯನ್ನು ಮೊದಲು ಮುಟ್ಟುವವರು ರಟ್ಟಕ್ಕ, ಕಣ್ಣು ಮುಚ್ಚಿಕೊಂಡು, ಆಮೇಲೆ ಆಕೆ.

"ಬಾಣ ಎಲ್ಲಿಗೆ ಹೊರಟಿದೆ ಹೇಳು ಪುಟ್ಟಿ."

"ಬಲದಿಂದ ಮೇಲಕ್ಕೆ, ಮೇಲಿಂದ ಎಡಕ್ಕೆ."

"ಸರಿಯಾಗಿ ಹೇಳ್ತಿದೀಯ ತಾನೆ? ನನ್ನ ಮೇಲೆ ಕರುಣೆ ತೋರಿಸಿ ಅಲ್ಲವಲ್ಲ?"

"ಕರುಣೆ ಎಲ್ಲಿಂದ ಬಂತು? ನಿಮ್ಮನ್ನ ನಂಬಿದ್ದಕ್ಕೇ ನಾಲ್ಕು ಅಂಕ ಹೋಗಿದ್ದು ಅಕ್ಕ."

ಇಬ್ಬರೂ ನಗುತ್ತಾರೆ. ಹುಡುಗಿಯ ನಗು ಬೇಗ ನಿಲ್ಲುತ್ತದೆ. ರಟ್ಟಕ್ಕನ ನಗು ಅದಕ್ಕೂ ಬೇಗ.

ಇನ್ನೊಂದು ಸುದ್ದಿಯೂ ಇದೆ. ಗ್ರಂಥಾಲಯಕ್ಕೆ ಹೊಸ ಪುಸ್ತಕಗಳು ಬರುವುದು ಕಡಿಮೆಯಾಗಿದೆ. ಈ ಶೈಕ್ಷಣಿಕ ವರ್ಷದ ಕೊನೆಗೆ ಮೆಟ್ಟಿಲ ಕೆಳಗಿನ ಈ ರಟ್ಟಿನ ಕೋಣೆ ಮುಚ್ಚಲಿದೆ. ರಟ್ಟಕ್ಕನಿಗೆ ಮುಖ್ಯ ಗೇಟಿನ ಕೆಲಸ ಕೊಟ್ಟಿದ್ದಾರೆ: ಬೆಳಿಗ್ಗೆ ಬೀಗ ತೆಗೆಯುವುದು, ಸಂಜೆ ಹಾಕುವುದು, ನಡುವೆ ಬಂದುಹೋಗುವವರ ಹೆಸರು ಬರೆಸುವುದು. ರಬ್ಬರಿನ ಹಾಸು ಮತ್ತು ದಬ್ಬಳಗಳನ್ನು ಯಾರಿಗೆ ಒಪ್ಪಿಸಬೇಕೆಂದು ಕಚೇರಿಯಲ್ಲಿ ಕೇಳಿದ್ದಾರೆ. ಉತ್ತರ ಬಂದಿಲ್ಲ.

ಪರೀಕ್ಷೆಯ ದಿನ ಹತ್ತರಿಂದ ಒಂದರವರೆಗೆ ರಟ್ಟಕ್ಕ ಒಂದು ಪುಸ್ತಕವನ್ನೂ ಕಟ್ಟುವುದಿಲ್ಲ. ಹಜಾರದ ಕಂಬಕ್ಕೆ ಒರಗಿ ನಿಂತಿರುತ್ತಾರೆ. ಸೆರಗಿಗೆ ಅಂಟಿದ ಗೋಂದು ಒಣಗಿ ಬಿಳಿಚಿದೆ. ಒಂದು ಗಂಟೆ ಹತ್ತು ನಿಮಿಷಕ್ಕೆ ಹುಡುಗಿ ಗೋಡೆ ಹಿಡಿದು ಹೊರಬರುತ್ತಾಳೆ. ಗೋಂದಿನ ವಾಸನೆಗೇ ಗುರುತು ಹಿಡಿದು ನಿಲ್ಲುತ್ತಾಳೆ.

"ಕೈ ಕೊಡಿ ಅಕ್ಕ."

ರಟ್ಟಕ್ಕ ಅಂಗೈ ಚಾಚಿ, ಅಭ್ಯಾಸಬಲದಿಂದ ಕಣ್ಣು ಮುಚ್ಚುತ್ತಾರೆ. ಹುಡುಗಿ ಉಗುರಿನ ತುದಿಯಿಂದ ಆ ಅಂಗೈಯ ಮೇಲೆ ಒಂದು ಸುತ್ತು ಬರೆಯುತ್ತಾಳೆ, ನಿಧಾನವಾಗಿ, ಗಡಿಯಾರದ ಮುಳ್ಳಿಗೆ ಎದುರಾಗಿ.

"ಹೀಗೇ ಬರೆಸಿದೆ. ಕೋನದ ಏಳಕ್ಕೆ ಏಳೂ ಪ್ರಶ್ನೆಗೆ."

"ಪಾಸಾಗ್ತೀಯಾ?"

"ಗೊತ್ತಿಲ್ಲ ಅಕ್ಕ. ಬೇರೆ ಪ್ರಶ್ನೆಗಳು ಕಷ್ಟ ಇದ್ವು."

ಫಲಿತಾಂಶ ಬರಲು ಆರು ವಾರ. ಅಷ್ಟರಲ್ಲಿ ಮೆಟ್ಟಿಲ ಕೆಳಗಿನ ಕೋಣೆಗೆ ಬೀಗ ಬಿದ್ದಿರುತ್ತದೆ. ಹುಡುಗಿ ಅದೇ ಸಂಜೆ ಹಾಸ್ಟೆಲ್ ಖಾಲಿ ಮಾಡಿ ಊರಿಗೆ ಹೊರಡುತ್ತಾಳೆ. ಪಾಸಾದರೆ ಮಾತ್ರ ಮತ್ತೆ ಬರುವುದು. ಅವಳನ್ನು ಕಳಿಸಿ ಬಂದ ರಟ್ಟಕ್ಕ ಮೇಜನ್ನು ಒರೆಸುತ್ತಾರೆ, ದಬ್ಬಳದ ಮೊನೆಗೆ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತುತ್ತಾರೆ. ಮರೆಯದಿರಲೆಂದು ಗೋಡೆಗೆ ಅಂಟಿಸಿಕೊಂಡಿದ್ದ, ಬಾಣ ತಪ್ಪಿದ ಆ ಹಳೆಯ ಹಾಳೆಯನ್ನು ಬಿಡಿಸಿ ತಮ್ಮ ಚೀಲದೊಳಗೆ ಇಟ್ಟುಕೊಳ್ಳುತ್ತಾರೆ.

"ಗೇಟಿನ ಕೆಲಸಾನೂ ಕೆಲಸಾನೇ," ಎನ್ನುತ್ತಾರೆ. "ಕಾಲೇಜು ಶುರುವಾಗೋ ದಿನ ಬೆಳಿಗ್ಗೆ ಹೊರಗಡೆ ಅವಳ ಕೋಲಿನ ಸದ್ದು ಕೇಳಿದ್ರೆ ಸಾಕು. ಬೀಗ ನಾನೇ ತೆಗೀತೀನಿ."