ಓಡಿ ಬಂದವನು

"ಕೀಲಿ ಇಲ್ದೆ ಈ ಬೀಗ ತೆಗೆಯೋ ಕೈ ಊರಲ್ಲಿ ಎರಡೇ. ಒಂದು ನನ್ನದು. ನಾನು ತೆಗೆದಿಲ್ಲ."

ಸಭೆಯ ಎದುರು ನಿಂತು ಬೀಗದ ಮೇಸ್ತ್ರಿ ಆಡಿದ್ದು ಇಷ್ಟೇ. ಎರಡನೆಯ ಕೈ ಯಾರದೆಂದು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಚರ್ಚಿನ ಬೀರುವಿನಿಂದ ಪ್ರಭುಭೋಜನದ ಬೆಳ್ಳಿ ಬಟ್ಟಲು ಮಾಯವಾಗಿತ್ತು, ಬೀಗದ ಮೇಲೆ ಒಂದು ಗೀರೂ ಇರಲಿಲ್ಲ. ಬೆಂಚಿನಲ್ಲಿದ್ದವರೆಲ್ಲ ಒಟ್ಟಿಗೆ ತಿರುಗಿ ಬೆಂಕಿಪೊಟ್ಟಣ ಎಂಬ ಅಡ್ಡಹೆಸರಿನವನ ಮುಖ ನೋಡಿದರು. ಮೇಸ್ತ್ರಿಯ ಕೈಕೆಳಗೆ ಹನ್ನೊಂದು ವರ್ಷ ಬೀಗದ ಕೆಲಸ ಕಲಿತವನು ಅವನು. ಸುಮ್ಮನೆ ತಾಗಿದರೂ ಹೊತ್ತಿಕೊಳ್ಳುವ ಸ್ವಭಾವಕ್ಕೆ ಊರವರು ಇಟ್ಟ ಹೆಸರು ಅದು. ಐದು ತಿಂಗಳ ಮೇಲೆ ಬಟ್ಟಲು ಪಾದ್ರಿಗಳ ಹೆಂಡತಿಯ ಟ್ರಂಕಿನಲ್ಲಿ ಸಿಕ್ಕಿತು. ಚರ್ಚಿಗೆ ಸುಣ್ಣ ಬಳಿಸುವಾಗ ಆಕೆಯೇ ಕೀಲಿ ಹಾಕಿ ತೆಗೆದು ಹಳೆ ಬಟ್ಟೆಯಲ್ಲಿ ಸುತ್ತಿಟ್ಟು ಮರೆತಿದ್ದರಂತೆ. ಎಲ್ಲರೂ ನಕ್ಕರು. ತಪ್ಪಾಯಿತು ಅಂತ ಒಬ್ಬರೂ ಅನ್ನಲಿಲ್ಲ. ಮೇಸ್ತ್ರಿಯಂತೂ ತುಟಿ ಬಿಚ್ಚಲಿಲ್ಲ.

ಅದಾಗಿ ಇಪ್ಪತ್ತೆರಡು ವರ್ಷ ಕಳೆದರೂ ಬೆಂಕಿಪೊಟ್ಟಣದ ಒಳಗಿನ ಉರಿ ಆರಲಿಲ್ಲ. ಹಠಕ್ಕೆ ಬಿದ್ದು ಮೇಸ್ತ್ರಿಯ ಮನೆಯ ಎದುರಿಗೇ, ಅವರ ಕೋಣೆಯ ಕಿಟಕಿಗೆ ನೇರವಾಗಿ ಅಂಗಡಿ ಇಟ್ಟ. ಭಾನುವಾರ ಚರ್ಚು ತಪ್ಪಿಸುತ್ತಿರಲಿಲ್ಲ, ಆದರೆ ಪ್ರಾರ್ಥನೆಯಲ್ಲಿ ಕ್ಷಮೆಯ ಮಾತು ಬಂತೋ, ತುಟಿ ಹೊಲಿದವನಂತೆ ಕೂತುಬಿಡುತ್ತಿದ್ದ. ಕಡೆಯ ದಿನ ಕರ್ತನು ಸಿಂಹಾಸನದ ಮೇಲೆ ಕೂತು ವಿಚಾರಣೆ ಮಾಡುವಾಗ ಮೊದಲು ಮೇಸ್ತ್ರಿಯನ್ನೇ ಕರೆಯಬೇಕು, ಸಾಕ್ಷಿಗೆ ತನ್ನನ್ನು ನಿಲ್ಲಿಸಬೇಕು. ಅವನಿಗಿದ್ದ ಆಸೆ ಅದೊಂದೇ.

"ಸಾಕ್ಷಿ ಹೇಳಿ ನೀವು ನೇರ ಮನೆಗೆ ಬಂದ್ಬಿಡ್ತೀರಾ? ನಿಮ್ಮ ಸರದಿ ಬರಲ್ವಾ?" ಎಂದು ಒಮ್ಮೆ ಹೆಂಡತಿ ಕೇಳಿದ್ದಳು. ಒಂದು ವಾರ ಅವಳೊಂದಿಗೆ ಮಾತು ಬಿಟ್ಟ.

ಒಂದು ಮಂಗಳವಾರ ಬೆಳಗ್ಗೆ ಅವನು ಅಂಗಡಿಯ ಮುಂದೆ ಚಹಾ ಕುಡಿಯುತ್ತಿದ್ದಾಗ ಮೇಸ್ತ್ರಿಯ ಮಗಳು ಬರಿಗಾಲಲ್ಲಿ ರಸ್ತೆ ದಾಟಿ ಓಡಿಬಂದಳು.

"ಅಣ್ಣಾ, ಅಪ್ಪ ಕೋಣೇಲಿ ಬಿದ್ದುಬಿಟ್ಟಿದ್ದಾರೆ. ಒಳಗಿಂದ ಬೀಗ ಹಾಕ್ಕೊಂಡಿದ್ದಾರೆ. ಕಿಟಕಿ ಸರಳಿನ ಸಂದಿಯಿಂದ ನೋಡಿದೆ, ತಲೆ ಬಾಗಿಲಿಗೇ ಒತ್ತಿಕೊಂಡಿದೆ. ಒಡೆದ್ರೆ ತಲೆಗೇ ಪೆಟ್ಟು ಬೀಳುತ್ತೆ. ಬೇಗ ಬಾ ಅಣ್ಣಾ!"

ಆ ಬೀಗ ಮೇಸ್ತ್ರಿ ಕೈಯಾರೆ ಮಾಡಿದ್ದು. ಅದರ ಗುಟ್ಟನ್ನು ಅವರು ಕಲಿಸಿದ್ದು ಇವನೊಬ್ಬನಿಗೇ.

"ಓಹೋ, ಇವತ್ತು ಅಣ್ಣ ಆದ್ನಾ? ನಿನ್ನೆವರೆಗೂ ಕಳ್ಳ ಆಗಿದ್ದೆ!"

"ಹೋಗಯ್ಯಾ, ಜೀವ ಹೋಗೋ ಹೊತ್ತಲ್ಲಿ ಇದೆಲ್ಲಾ ಮಾತಾ?" ಎಂದ ಪಕ್ಕದ ವೆಲ್ಡಿಂಗ್ ಅಂಗಡಿಯವನು.

"ಹೋಗ್ತೀನಿ. ಚಹಾ ಮುಗೀಲಿ. ಇಪ್ಪತ್ತೆರಡು ವರ್ಷ ನಾನು ಕಾದಿಲ್ವಾ? ಅವರೂ ಸ್ವಲ್ಪ ಕಾಯ್ಲಿ!"

ಮೆಲ್ಲಗೆ ಮಾತಾಡಿ ಅಭ್ಯಾಸವೇ ಇಲ್ಲದ ಗಂಟಲು ಅದು. ಇಡೀ ಬೀದಿಗೆ ಕೇಳಿತು.

ಚಹಾ ಆಗಲೇ ಮುಗಿದಿತ್ತು. ಖಾಲಿ ಲೋಟವನ್ನೇ ತುಟಿಗಿಟ್ಟು ಇಳಿಸುತ್ತ ಹತ್ತು ನಿಮಿಷ ಕೂತ. ಆಕೆ ಅಳುತ್ತ ನಿಂತೇ ಇದ್ದಳು. ಆಮೇಲೆ ಹತಾರದ ಚೀಲ ಹೆಗಲಿಗೇರಿಸಿ ಎದ್ದ.

ಬಾಗಿಲ ಮುಂದೆ ಮಂಡಿಯೂರಿದ. ಒಳಗಿನ ಕೀಲಿ ತೂತಿನಲ್ಲೇ ಸಿಕ್ಕಿಕೊಂಡಿತ್ತು. ಕಡ್ಡಿಯಿಂದ ನೇರ ಮಾಡಿ ಒಳಕ್ಕೆ ತಳ್ಳಿದ, ಠಣ್ಣೆಂದು ಬಿತ್ತು. ಕೊಕ್ಕೆ ತಂತಿ ತೂರಿಸಿದ. ಬೇರೆ ಬೀಗದ ಹಾಗೆ ಇದನ್ನು ಮೊದಲೇ ಮುಂದಕ್ಕೆ ತಿರುಗಿಸಿದರೆ ಒಳಗಿನ ಹಲ್ಲು ಕಚ್ಚಿಕೊಂಡು ಮತ್ತೆ ಬಿಡುವುದಿಲ್ಲ. ಸಿಟ್ಟಿನ ಕೈ ಮುಂದಕ್ಕೇ ಹೊರಟಿತ್ತು.

"ಮೊದಲು ಹಿಂದಕ್ಕೆ," ಎಂದಿತು ಬಾಗಿಲ ಬುಡದಿಂದ ಒಂದು ತೆಳು ದನಿ. "ಅರ್ಧ ಸುತ್ತು."

"ಗೊತ್ತು! ಸುಮ್ನೆ ಬಿದ್ದಿರಿ ನೀವು!"

ಬೀಗ ಬಿಟ್ಟಿತು. ಬಾಗಿಲನ್ನು ಎರಡು ಬೆರಳಿನಷ್ಟು ಸರಿಸಿ, ಹೊಟ್ಟೆಯ ಮೇಲೆ ಮಲಗಿ ಸಂದಿಯಲ್ಲಿ ಕೈ ತೂರಿಸಿದ. ಮುದುಕರ ತಲೆಯನ್ನು ಅಂಗೈಯಲ್ಲಿ ಹಿಡಿದು ಚೂರು ಚೂರೇ ಪಕ್ಕಕ್ಕೆ ಸರಿಸಿದ. ಕೂದಲು ಒದ್ದೆಯಾಗಿತ್ತು. ಆ ತಲೆ ಇಷ್ಟು ಹಗುರವಿದ್ದೀತೆಂದು ಅವನು ಎಣಿಸಿರಲಿಲ್ಲ.

ಬಾಗಿಲು ತೆರೆದು ಅವನು ಒಳಗೆ ಹೋಗುವಷ್ಟರಲ್ಲಿ ಸುದ್ದಿ ಕೇಳಿ ಪಾದ್ರಿಗಳೂ ಬಂದರು. ಮಗಳ ದುಃಖ ಕಟ್ಟೆಯೊಡೆಯಿತು. "ಹತ್ತು ನಿಮಿಷ ಚಹಾ ಕುಡೀತಾ ಕೂತಿದ್ದ, ಪಾದ್ರಿಗಳೇ! ನಮ್ಮಪ್ಪ ಇಲ್ಲಿ ಸಾಯ್ತಿದ್ರೆ!"

ಮೇಸ್ತ್ರಿ ಕಣ್ಣು ತೆರೆದರು. "ಇಲ್ಲ. ಇವನು ಓಡಿ ಬಂದ."

"ಅಪ್ಪಾ, ನಾನೇ ಕಣ್ಣಾರೆ..."

"ಓಡಿ ಬಂದ ಅಂದೆನಲ್ಲ. ನನಗೆ ಎಲ್ಲಾ ಕೇಳಿಸ್ತಿತ್ತು."

ಬೆಂಕಿಪೊಟ್ಟಣ ತಿರುಗಿ ನೋಡಿದ. ಕಿಟಕಿ ಹಾರುಹೊಡೆದಿತ್ತು. ಸರಳುಗಳಾಚೆ ಅವನ ಸ್ಟೂಲು, ಅದರ ಮೇಲೆ ಆ ಲೋಟ. ಕಳ್ಳ ಅಂದದ್ದೂ, ಕಾಯ್ಲಿ ಅಂದದ್ದೂ ಒಂದಕ್ಷರ ಬಿಡದೆ ಈ ನೆಲದವರೆಗೂ ಬಂದಿದೆ. ಓಡಿ ಬಂದ ಎಂದು ಮೇಸ್ತ್ರಿ ಅಂದದ್ದು ಕೇಳಿಸದೆ ಹೇಳಿದ ಮಾತಲ್ಲ. ಎಲ್ಲ ಕೇಳಿಸಿಕೊಂಡ ಮೇಲೆ ಹೇಳಿದ್ದು.

ತೀರ್ಪಿನ ದಿನವೆಂದರೆ ತುತ್ತೂರಿ ಮೊಳಗುತ್ತದೆ, ಆಕಾಶ ಬಿರಿಯುತ್ತದೆ ಎಂದುಕೊಂಡಿದ್ದ. ಅದು ಹೀಗೆ ಮಂಗಳವಾರ ಬೆಳಗ್ಗೆ, ನೆಲದ ಮೇಲೆ ಬಿದ್ದ ಒಬ್ಬ ಮುದುಕನ ಬಾಯಲ್ಲಿ ಬಂದೀತೆಂದು ಯಾರು ಕಂಡಿದ್ದರು? ಅಲ್ಲೇ ನೆಲದ ಮೇಲೆ ಕೂತ. ಆಂಬುಲೆನ್ಸಿನವರು ಅವನನ್ನು ದಾಟಿಕೊಂಡು ಮೇಸ್ತ್ರಿಯನ್ನು ಎತ್ತಿಕೊಂಡು ಹೋದರು.

ತಲೆಯೊಳಗೆ ರಕ್ತ ಸೋರಿದೆ, ಇನ್ನಷ್ಟು ಬೇಗ ತಂದಿದ್ದರೆ ಏನಾಗುತ್ತಿತ್ತೋ ಹೇಳಲಾಗದು ಎಂದರು ಡಾಕ್ಟರು. ಸಂಜೆ ಅವನು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮೇಸ್ತ್ರಿಯ ಮಾತು ನಿಂತುಹೋಗಿತ್ತು. ನಾಲ್ಕನೆಯ ದಿನ ತೀರಿಕೊಂಡರು.

ಮಣ್ಣಾದ ಮಾರನೆಯ ದಿನವೇ ಬೆಂಕಿಪೊಟ್ಟಣ ಪಾದ್ರಿಗಳ ಬಾಗಿಲು ಬಡಿದ.

"ಬಟ್ಟಲಿನ ಮಾತು ಇವತ್ತಿಗೂ ಉರಿಯುತ್ತೆ. ಅದು ಬೇರೆ. ಈ ಹತ್ತು ನಿಮಿಷಕ್ಕೆ ಏನು ಶಿಕ್ಷೆ, ಹೇಳಿ."

"ಹೇಳಬೇಕಾದವರು ಹೇಳಿ ಹೋದ್ರಲ್ಲಯ್ಯಾ."

"ಅವರು ಹೇಳಿದ್ದು ಸುಳ್ಳು!"

"ಹೌದು. ನಮ್ಮ ಲೆಕ್ಕದಲ್ಲಿ ಸುಳ್ಳೇ. ಕರ್ತನು ನನ್ನನ್ನ ನೀತಿವಂತ ಅಂತ ಕರೀತಾನಲ್ಲ, ನಾನೇನು ನೀತಿವಂತನಾ? ಎಲ್ಲಾ ಕೇಳಿಸಿಕೊಂಡವನೇ ನಮ್ಮ ಪರ ಮಾತಾಡ್ತಾನೆ. ಆ ಮಾತಿಗೆ ಶಿಲುಬೆ ಮೇಲೆ ಪ್ರಾಣ ತೆತ್ತಿದ್ದಾನೆ, ಪುಕ್ಕಟೆ ಮಾತಲ್ಲ ಅದು."

"ನನಗೆ ಶಿಕ್ಷೆಯೇ ವಾಸಿ," ಎಂದು ಗೊಣಗಿದ. "ಅನುಭವಿಸಿ ಮುಗಿಸಬಹುದಿತ್ತು."

ಅಲ್ಲಿಂದ ನೇರ ಮೇಸ್ತ್ರಿಯ ಮನೆಗೆ ಬಂದ. ಮಗಳು ಬಾಗಿಲ ಮುಂದಿನ ಹಗ್ಗದ ಮೇಲೆ ಅಪ್ಪನ ಹೊದಿಕೆ ಒಣಹಾಕುತ್ತಿದ್ದಳು.

"ಅಮ್ಮಾ, ಆವತ್ತು ನಾನು ಓಡಿ ಬರ್ಲಿಲ್ಲ. ನೀನೇ ನೋಡಿದೀಯ. ಬೈದುಬಿಡು."

ಆಕೆ ಹೊದಿಕೆ ಹಿಡಿದೇ ಅವನತ್ತ ತಿರುಗಿದಳು. ಬೈಗುಳ ಬಾಯಿಗೆ ಬಂದಿತ್ತೇನೋ, ನುಂಗಿಕೊಂಡಳು.

"ಅಪ್ಪ ಹೇಳಿ ಆಯ್ತಲ್ಲ ಅಣ್ಣಾ," ಎಂದಳು. "ಅವರ ಮಾತಿನ ಮೇಲೆ ನಾನು ಮಾತಾಡಲ್ಲ."

ಹೊದಿಕೆಯ ಸುಕ್ಕು ಬಿಡಿಸಿ ಒಳಗೆ ಹೋದಳು. ಯಾರೂ ವಸೂಲಿ ಮಾಡಲೊಲ್ಲದ ಆ ಹತ್ತು ನಿಮಿಷವನ್ನು ಹೊತ್ತುಕೊಂಡು ಅವನು ಬೀದಿಯಲ್ಲೇ ನಿಂತಿದ್ದ.