ಅತ್ತೆ ಬರೆಸಿದ ಏಳು ಕೋಳಿ

ನನಗೆ ಕೋಳಿ ಕಂಡರೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನೀರು ಹಾಕಿ ರಂಗೋಲಿ ಬಿಟ್ಟ ಬಾಗಿಲಲ್ಲಿ ಹಿಕ್ಕೆ, ಈಗಷ್ಟೇ ಮೊಳಕೆಯೊಡೆದ ಕೊತ್ತಂಬರಿ ಮಡಿಯಲ್ಲಿ ಕೆದಕಾಟ. ಒಮ್ಮೆಯಂತೂ ಒಗೆದು ಮಡಿಸಿಟ್ಟಿದ್ದ ನನ್ನ ಫ್ಯಾಕ್ಟರಿ ಯೂನಿಫಾರ್ಮಿನ ಮೇಲೆ ಹತ್ತಿ ಕೂತು ಮೊಟ್ಟೆ ಇಟ್ಟು ಹೋಗಿತ್ತು. ಅತ್ತೆಯನ್ನು ಕರೆದು ತೋರಿಸಿದೆ. ಅವರು ಆ ಬೆಚ್ಚಗಿನ ಮೊಟ್ಟೆಯನ್ನು ಕೆನ್ನೆಗೆ ಒತ್ತಿ ನೋಡಿ ಸೆರಗಿಗೆ ಹಾಕಿಕೊಂಡರು.

"ನಿನ್ ಬಟ್ಟೆ ಮೆತ್ತಗಿದೆ ಕಣಮ್ಮ ಶಿಲ್ಪ. ಅದಕ್ಕೂ ಗೊತ್ತಾಗತ್ತೆ."

ಇಂಥವರ ಹತ್ತಿರ ಜಗಳ ಆಡುವುದಾದರೂ ಹೇಗೆ?

ನನ್ನ ಅತ್ತೆ ಮುನಿತಾಯಮ್ಮ. ತ್ಯಾಮಗೊಂಡ್ಲು ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದಾಗ ಅವರ ತಾಯಿ ಮಡಿಲಕ್ಕಿಯ ಜೊತೆಗೆ ಒಂದು ಯಾಟೆ, ಅಂದರೆ ಇನ್ನೂ ಮೊಟ್ಟೆಗೆ ಬಾರದ ಎಳೆಯ ಕೋಳಿಯನ್ನು ಬುಟ್ಟಿಯಲ್ಲಿಟ್ಟು ಕೊಟ್ಟಿದ್ದರಂತೆ. ನಲವತ್ತು ವರ್ಷದಿಂದ ನಮ್ಮ ಹಿತ್ತಲಲ್ಲಿ ಓಡಾಡಿದ್ದೆಲ್ಲ ಅದರ ಸಂತಾನವೇ. ಗಂಡ ತೀರಿಕೊಂಡಾಗಲೂ ಹನ್ನೊಂದನೆಯ ದಿನಕ್ಕೆ ಎದ್ದು ಹೋಗಿ ಮೊದಲು ಗೂಡು ಗುಡಿಸಿದರು ಎಂದು ನನ್ನ ಯಜಮಾನರು ಮೂರ್ತಿ ಹೇಳುತ್ತಾರೆ. ಕಾವಿಗೆ ಕೂರಿಸುವ ಮೊಟ್ಟೆಯನ್ನು ಬಿಸಿಲಿಗೆ ಹಿಡಿದು, ನೀರಲ್ಲಿ ತೇಲಿಸಿ ಆರಿಸುವುದು, ಹದ್ದು ಬಂದರೆ ಬಾಯಿ ಬಡಿದುಕೊಂಡು ಓಡುವುದು, ಕುಂಟುವ ಮರಿಯ ಕಾಲಿಗೆ ಕಡ್ಡಿ ಕಟ್ಟುವುದು, ಎಲ್ಲ ಅವರದೇ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದು ನುಚ್ಚು ಎರಚುತ್ತ ಅವುಗಳ ಜೊತೆ ಆಡುವಷ್ಟು ಮಾತನ್ನು ಅವರು ನನ್ನ ಜೊತೆ ಒಂದು ವಾರದಲ್ಲೂ ಆಡುವುದಿಲ್ಲ.

ಮೂರು ವರ್ಷದ ಹಿಂದೆ ಕೋಳಿಗಳಿಗೆ ಕೊಕ್ಕರೆ ರೋಗ ಬಂತು. ಹಸಿರು ಹಿಕ್ಕೆ ಹಾಕುತ್ತ, ಕತ್ತು ತಿರುಚಿಕೊಂಡು, ನಾಲ್ಕೇ ದಿನದಲ್ಲಿ ಎರಡು ಬಿಟ್ಟು ಎಲ್ಲ ಸತ್ತವು. ಅತ್ತೆ ಒಂದು ತಿಂಗಳು ಹಿತ್ತಲ ಬಾಗಿಲು ತೆಗೆಯಲಿಲ್ಲ. ಆಮೇಲೆ ಆ ಎರಡರಿಂದ ಮತ್ತೆ ಶುರು ಮಾಡಿದರು. ಈ ವರ್ಷ ಪಕ್ಕದ ಊರಲ್ಲಿ ಅದೇ ರೋಗ ಕಾಣಿಸಿಕೊಂಡಿದೆ ಎಂದು ಕೇಳಿದ ದಿನ ಅವರು ತಟ್ಟೆ ಬಿಟ್ಟು ಎದ್ದರು. "ಈ ಸಲ ಹೋದ್ರೆ ತಳೀನೇ ಹೋಯ್ತು ಕಣಮ್ಮ. ನಂಗೆ ಇನ್ನೊಂದ್ಸಲ ಸಾಕೋ ವಯಸ್ಸಿಲ್ಲ," ಎಂದರು. ಮಾರನೆಯ ದಿನ ಒಬ್ಬರೇ ಬಸ್ಸು ಹತ್ತಿ ಪಶು ಆಸ್ಪತ್ರೆಗೆ ಹೋದರು. ಸೊಂಟ ನೋವೆಂದು ದವಾಖಾನೆಗೆ ಹೋಗೋಣ ಎಂದರೆ ಆರು ತಿಂಗಳು ಮುಂದೂಡಿದ ಹೆಂಗಸು!

ಅಲ್ಲಿಯ ಗಂಗಣ್ಣ ಎಂಬುವರು ವಿಷಯ ಬಿಡಿಸಿ ಹೇಳಿದರಂತೆ. ಲಸಿಕೆಯೇನೋ ಇದೆ, ಕೋಳಿಯ ಕಣ್ಣಿಗೆ ಒಂದು ಹನಿ ಬಿಟ್ಟರೆ ಸಾಕು. ಆದರೆ ಒಂದು ಸೀಸೆಯಲ್ಲಿರುವುದು ನೂರು ಹನಿ. ಅದರ ಪುಡಿಯನ್ನು ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಯಬೇಕು, ಇಲ್ಲದಿದ್ದರೆ ಅದು ಬರೀ ನೀರು. ಒಂದು ಮನೆಗೆ ಅಂತ ಒಡೆಯಲು ಬರುವುದಿಲ್ಲ. ಬೀದಿಯವರೆಲ್ಲ ಸೇರಬೇಕು. "ಯಾರ ಮನೇಲಿ ಎಷ್ಟಿವೆ ಅಂತ ಬರ್ಕೊಂಡ್ ಬನ್ನಿ ಅಮ್ಮ. ನೂರು ದಾಟಿದ್ರೆ ಎರಡು ಸೀಸೆ ತರ್ತೀನಿ," ಎಂದು ಕಳಿಸಿದ್ದರು.

ಬರೆಯುವ ಕೆಲಸ ನನಗೆ ಬಿತ್ತು. ಭಾನುವಾರ, ವಾರಕ್ಕೊಂದೇ ರಜೆ, ನೋಟ್‌ಬುಕ್ ಹಿಡಿದು ಅತ್ತೆಯ ಹಿಂದೆ ಎಂಟು ಮನೆ ಸುತ್ತಿದೆ. ನಮ್ಮ ಕಡೆ ಒಂದು ನಂಬಿಕೆ ಇದೆ. ಮಕ್ಕಳ ವಯಸ್ಸು, ಹಸು ಕೊಡುವ ಹಾಲು, ಮನೆಯ ಕೋಳಿ, ಇವುಗಳ ಲೆಕ್ಕವನ್ನು ಬಾಯಿಬಿಟ್ಟು ಹೇಳಬಾರದು. ಹೇಳಿದರೆ ಕಣ್ಣು ಬೀಳುತ್ತದೆ. ಆದ್ದರಿಂದ ಯಾವ ಮನೆಯಲ್ಲೂ ಸಂಖ್ಯೆ ಸಲೀಸಾಗಿ ಹೊರಡಲಿಲ್ಲ. "ಏನೋ ಇವೆ ನಾಲ್ಕು," "ಎಲ್ಲಿವೆ ಅಮ್ಮಾ, ಮುಂಗುಸಿ ಹಿಡ್ಕೊಂಡ್ ಹೋಯ್ತಲ್ಲ," ಎಂದು ಎಳೆದಾಡಿದ ಮೇಲೆ ಒಂದೊಂದು ಅಂಕಿ ಬಂತು. ನಮ್ಮ ಗೋಡೆಯಾಚೆಯ ಅಮ್ಮಯಮ್ಮ ಕಣ್ಣು ಮಿಟುಕಿಸದೆ ನಾಲ್ಕು ಎಂದಳು. ಅವಳ ಹಿಂದೆಯೇ ಐದು ಓಡಾಡುತ್ತಿದ್ದವು.

ಮನೆಗೆ ಬಂದು, "ನಮ್ದು ಎಷ್ಟು ಬರೀಲಿ ಅತ್ತೆ?" ಎಂದೆ.

"ಏಳು."

"ಬರೀ ಏಳಾ? ಜಾಸ್ತಿ ಕಾಣ್ತವಲ್ಲ."

"ಅಮ್ಮಯಮ್ಮನವೂ ಇಲ್ಲೇ ಮೇಯ್ತವೆ. ಬರಿ ನೀನು."

ನಾನು ಬರೆದೆ. ಬೆಳಿಗ್ಗೆ ಆರಕ್ಕೆ ದಾಬಸ್‌ಪೇಟೆಗೆ ಕಂಪನಿ ಬಸ್ಸು ಹತ್ತಿದರೆ ಇಳಿಯುವಾಗ ಕತ್ತಲಾಗಿರುತ್ತದೆ. ಕೋಳಿಗಳಲ್ಲಿ ಕೆಲವು ಗೂಡಲ್ಲಿ, ಕೆಲವು ಹಲಸಿನ ಮರದಲ್ಲಿ, ಕೆಲವು ದನದ ಕೊಟ್ಟಿಗೆಯಲ್ಲಿ ಮಲಗುತ್ತವೆ. ನಾನು ಯಾವತ್ತು ಎಣಿಸಿದ್ದೆ? ಒಟ್ಟು ತೊಂಬತ್ತೊಂದಾಯಿತು. ನೂರರೊಳಗೆ. ಗಂಗಣ್ಣನಿಗೆ ಫೋನಿನಲ್ಲಿ ನಾನೇ ಹೇಳಿದೆ.

ಮುಂದಿನ ಭಾನುವಾರ ಬೆಳಕು ಹರಿಯುವ ಮೊದಲೇ ಗಂಗಣ್ಣ ಐಸು ತುಂಬಿದ ಫ್ಲಾಸ್ಕು ಹಿಡಿದು ಬಂದರು. ಯಾರೂ ಗೂಡಿನ ಬಾಗಿಲು ತೆಗೆದಿರಲಿಲ್ಲ. ಅತ್ತೆ ಕೋಳಿಯನ್ನು ಕಂಕುಳಲ್ಲಿ ಅವಚಿ ತಲೆ ಓರೆ ಮಾಡಿ ಹಿಡಿದರೆ, ಅದು ಎಂಥ ಹುಂಜವಾದರೂ ಸುಮ್ಮನಾಗುತ್ತಿತ್ತು. ಹೀಗೆ ಮನೆಯಿಂದ ಮನೆಗೆ ಹೋದೆವು. ನಮ್ಮ ಮನೆಯಿಂದ ಶುರು ಮಾಡೋಣ ಎಂದು ಗಂಗಣ್ಣ ಕೇಳಿದ್ದರು. ಅತ್ತೆ ಒಪ್ಪಲಿಲ್ಲ. ಊರವರನ್ನು ಕರೆದವರು ತಾವೇ ಮೊದಲು ಎಲೆ ಹಾಕಿಕೊಂಡು ಕೂರುವುದುಂಟೇ?

ಸುಮಾರು ಮನೆಗಳಲ್ಲಿ ಬರೆಸಿದ್ದಕ್ಕಿಂತ ಒಂದೋ ಎರಡೋ ಹೆಚ್ಚು ಹೊರಬಂದವು. ಅಮ್ಮಯಮ್ಮನ ನಾಲ್ಕು ಹನ್ನೊಂದಾದವು. ನನಗೆ ಮೈ ಉರಿಯಿತು. ಗಂಗಣ್ಣ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದರು. ನಮ್ಮ ಹಿತ್ತಲಿಗೆ ಬಂದಾಗ ಉಳಿದಿದ್ದು ಮೂರು ಹನಿ. ಅತ್ತೆ ಕೈಗೆ ಸಿಕ್ಕ ಮೂರನ್ನು ಹಿಡಿದುಕೊಟ್ಟು, ಗೂಡಿಗೆ ಅಡ್ಡ ನಿಂತರು.

"ಇನ್ನೂ ಎಷ್ಟು ಉಳಿದ್ವಮ್ಮಾ?"

"ನಾಲ್ಕೇ ಕಣಪ್ಪ."

"ನಾಲ್ಕೇನಾ? ಸೀಸೆ ಇನ್ನೊಂದು ವಾರಕ್ಕೆ ಬರತ್ತೆ. ಅಲ್ಲೀವರೆಗೂ ಹೊರಗೆ ಬಿಡಬೇಡಿ," ಎಂದು ಅವರು ಹೊರಟರು.

ವಾರ ತಡೆಯಲಿಲ್ಲ. ಬುಧವಾರ ನಾನು ಬಸ್ಸಿಳಿದು ಬಂದಾಗ ಅತ್ತೆ ಬಚ್ಚಲಲ್ಲಿ ಸೋಪು ಹಚ್ಚಿ ಕೈ ಉಜ್ಜುತ್ತಿದ್ದರು. ಬಾಗಿಲಲ್ಲಿ ಹಸಿ ಮಣ್ಣು ಮೆತ್ತಿದ ಗುದ್ದಲಿ ಒರಗಿತ್ತು. "ಒಂದು ಹೋಯ್ತು," ಎಂದಷ್ಟೇ ಹೇಳಿದರು. ನಾನು ಊಟದ ಬ್ಯಾಗನ್ನೂ ಇಳಿಸದೆ ನೆಟ್ಟಗೆ ಅಮ್ಮಯಮ್ಮನ ಬಾಗಿಲಿಗೆ ಹೋದೆ.

"ಅಲ್ಲಾ ಚಿಕ್ಕಮ್ಮ, ನಾಲ್ಕು ಅಂತ ಬರೆಸಿ ಹನ್ನೊಂದು ತಂದ್ರಲ್ಲ, ನಿಮಗೆ ಮನಸ್ಸು ಹೆಂಗೆ ಬಂತು? ನಮ್ಮತ್ತೆ ಕೋಳಿ ಪಾಲಿನ ಹನಿ ನಿಮ್ ಕೋಳಿ ಕುಡಿದ್ವು. ಅವರ ಹೊಟ್ಟೆ ಉರಿಸಿದ್ದು ನಿಮಗೆ ಒಳ್ಳೇದಾಗಲ್ಲ."

ಆಡಬಾರದ ಇನ್ನೂ ನಾಲ್ಕು ಮಾತು ಆಡಿದೆ. ಬಾಯಿ ಜೋರಿನ ಅಮ್ಮಯಮ್ಮ ಅವತ್ತು ಒಂದಕ್ಕೂ ತಿರುಗಿ ಹೇಳಲಿಲ್ಲ. ತಪ್ಪಿತಸ್ಥೆ, ಅದಕ್ಕೇ ಬಾಯಿ ಕಟ್ಟಿದೆ ಎಂದುಕೊಂಡು ಗೆದ್ದವಳ ಹಾಗೆ ಮನೆಗೆ ಬಂದೆ.

ಗುರುವಾರ ಎರಡು ಹೋದವು ಎಂದರು. ಶುಕ್ರವಾರ, ಶನಿವಾರ ಕೇಳಿದರೆ ಒಲೆಯ ಕಡೆ ತಿರುಗಿಕೊಂಡರು.

ಭಾನುವಾರ ನಾನು ಮನೆಯಲ್ಲಿದ್ದೆ. ಅತ್ತೆ ಬಿದಿರಿನ ಮಂಕರಿಯ ಮೇಲೆ ಗೋಣಿ ಮುಚ್ಚಿಕೊಂಡು ತೆಂಗಿನ ಮರದ ಕಡೆ ಬಾಗಿ ನಡೆಯುತ್ತಿದ್ದರು. ಸೊಂಟ ನೋವಿನವರು ಎಂದು ಮಂಕರಿ ಇಸಿದುಕೊಂಡೆ. ಭಾರವಿತ್ತು. ಗೋಣಿ ಸರಿಸಿದರೆ ಒಳಗೆ ಐದು. ಮರದ ಬುಡದಲ್ಲಿ ಸುಣ್ಣ ಚೆಲ್ಲಿದ ಹೊಸ ಮಣ್ಣು ಉದ್ದಕ್ಕೂ ಇತ್ತು.

"ಅತ್ತೆ, ಹನಿ ಬೀಳದೆ ಉಳಿದಿದ್ದೇ ನಾಲ್ಕಲ್ವಾ?"

ಅವರು ಗುದ್ದಲಿ ಊರಿಕೊಂಡು ನಿಂತರು.

"ಹದಿನೆಂಟು ಇದ್ವು ಕಣಮ್ಮ. ಹನ್ನೆರಡು ಹೋದ್ವು. ನರಮನುಷ್ಯರ ಕಣ್ಣಿಗೆ ಕಲ್ಲೂ ಒಡೀತದೆ ಅಂತಾರೆ. ಎರಡರಿಂದ ಹದಿನೆಂಟು ಮಾಡಿದ್ದೆ. ಬಾಯಲ್ಲಿ ಹೇಳಕ್ಕೆ ಭಯ ಆಯ್ತು. ನಿನ್ ಹತ್ರಾನೂ."

ಲೆಕ್ಕ ಹಾಕದೆ ಇದ್ದಿದ್ದರೆ ಚೆನ್ನಾಗಿತ್ತು. ಆದರೆ ತಲೆ ತಾನಾಗಿ ಹಾಕಿತು. ತೊಂಬತ್ತೊಂದರಲ್ಲಿ ನಮ್ಮ ಏಳನ್ನು ಅಳಿಸಿ ಹದಿನೆಂಟು ಬರೆದರೆ ನೂರಾ ಎರಡು. ಅಮ್ಮಯಮ್ಮ ಸುಳ್ಳು ಹೇಳಿದ್ದರೂ, ಬೀದಿಗೆ ಬೀದಿಯೇ ಹೇಳಿದ್ದರೂ, ನಾವೊಬ್ಬರು ನಿಜ ಹೇಳಿದ್ದರೆ ಎರಡು ಸೀಸೆ ಬರುತ್ತಿತ್ತು. ನನ್ನ ಮುಖ ನೋಡಿ ಅತ್ತೆ, "ನಾನೂ ಹಾಕಿದೀನಿ ಲೆಕ್ಕ. ಬುಧವಾರದಿಂದ ಅದೇ ಹಾಕ್ತಿದೀನಿ," ಎಂದರು. ಅವರ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ನಾಲ್ಕು ದಿನ ಈ ಮುದುಕಿ ನಾನು ಬಸ್ಸು ಹತ್ತುವುದನ್ನೇ ಕಾದು, ಒಬ್ಬರೇ ಅಗೆದು, ಒಬ್ಬರೇ ಹೂತು, ನಾನು ಬರುವಷ್ಟರಲ್ಲಿ ಕೈ ತೊಳೆದುಕೊಂಡು ಕೂರುತ್ತಿದ್ದರು.

ಇಬ್ಬರೂ ಸೇರಿ ಗುಂಡಿ ಮುಚ್ಚಿದೆವು. ಆಮೇಲೆ ಅತ್ತೆ, "ಅಮ್ಮಯಮ್ಮನ್ನ ಬೈದು ಬಂದ್ಯಲ್ಲ, ನಡಿ," ಎಂದರು. ನಾನು ಮಂಕರಿ ತೊಳೆಯುವ ನೆವ ಮಾಡಿದೆ. ಅವರೇ ಕೈ ಹಿಡಿದು ಕರೆದುಕೊಂಡು ಹೋದರು.

ಅಮ್ಮಯಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ನನ್ನನ್ನು ಕಂಡು ಮೊರ ಹಿಡಿದು ಒಳಗೆ ಹೋಗಲು ಎದ್ದಳು.

"ಕೂತ್ಕೊಳ್ಳೇ," ಎಂದರು ಅತ್ತೆ. "ಈ ಹುಡುಗಿ ತಿಳೀದೆ ಅಂದ್ಬಿಟ್ಲು. ನಿನ್ನಿಂದ ಏನೂ ಆಗಿಲ್ಲ. ನಾನು ಹದಿನೆಂಟು ಇಟ್ಕೊಂಡು ಏಳು ಬರೆಸಿದ್ದೆ."

ನಾನೂ ತಪ್ಪಾಯಿತು ಎಂದೆ. ಅಮ್ಮಯಮ್ಮ ನಮ್ಮಿಬ್ಬರನ್ನೂ ನೋಡಿದಳು. ಮೊರವನ್ನು ಕೆಳಗಿಟ್ಟಳು.

"ಅಕ್ಕಾ, ನಂದು ಹನ್ನೊಂದೂ ಅಲ್ಲ. ಹದಿನೈದು. ಎಲ್ಲಾ ಒಟ್ಟಿಗೆ ಕಾಣೋದು ಬೇಡ ಅಂತ ನಾಲ್ಕನ್ನ ಅಟ್ಟದ ಮೇಲೆ ಮುಚ್ಚಿಟ್ಟಿದ್ದೆ. ಅವಕ್ಕೆ ಹನಿ ಬೀಳ್ಲಿಲ್ಲ."

"ಈಗ ಎಲ್ಲಿ?"

"ನಾಲ್ಕೂ ಹೋದ್ವು. ಶಿಲ್ಪ ಬಂದು ಬೈದ್ಲಲ್ಲ, ಆವತ್ತು ಸಾಯಂಕಾಲಾನೇ ಎರಡು ಹೂತು ಬಂದಿದ್ದೆ."

"ಒಂದ್ ಮಾತು ಹೇಳಬಾರ್ದಾಗಿತ್ತೇನೇ?"

"ಯಾರಿಗೆ ಅಂತ ಹೇಳ್ಲಕ್ಕಾ? ಇಲ್ವೇ ಇಲ್ಲ ಅಂದಿದ್ ಕೋಳಿಗೆ ಹೆಂಗೆ ಅಳೋದು?"

ಅತ್ತೆ ಸೊಂಟಕ್ಕೆ ಕೈ ಕೊಟ್ಟು ನಿಧಾನವಾಗಿ ಜಗಲಿಯ ಮೇಲೆ ಅವಳ ಪಕ್ಕದಲ್ಲಿ ಕುಳಿತರು. ಮೊರವನ್ನು ತಮ್ಮ ಮಡಿಲಿಗೆ ಎಳೆದುಕೊಂಡು ಒಂದು ಕಾಯಿ ಸುಲಿದರು.

"ಯಾವ್ಯಾವುದೇ ಅವು?" ಎಂದು ಕೇಳಿದರು.

ಅಮ್ಮಯಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಒಂದು ಕರೀದು, ಜುಟ್ಟಿರೋದು," ಎಂದು ಶುರು ಮಾಡಿದಳು.